ಹೊರೆ ಯಾರ ಹೆಗಲ ಮೇಲೆ? ಕ್ರೈಸ್ತ ವಿಶ್ವಾಸ, ನ್ಯಾಯ, ಸೈರಣೆ: ಒಂದು ಅಧ್ಯಯನ ಟಿಪ್ಪಣಿ

ಈ ಪಾಠದಲ್ಲಿ ಮೊದಲು ಕಾಲು ತೊಡರುವುದು ಪದಗಳಿಗೇ. ‘ಸೆಕ್ಯುಲರ್’ ಅನ್ನುವುದಕ್ಕೆ ಜಾತ್ಯತೀತ, ಮತನಿರಪೇಕ್ಷ ಎಂದೆಲ್ಲ ಬರೆಯುತ್ತೇವೆ. ಇವೆಲ್ಲ ರಾಜ್ಯಕ್ಕೆ ಹೊಂದುವ ಮಾತುಗಳು, ಮನುಷ್ಯನಿಗಲ್ಲ. ಯಾವ ಮತದ ಪಕ್ಷವನ್ನೂ ವಹಿಸದ ರಾಜ್ಯದಲ್ಲಿ ಕಟ್ಟಾ ವಿಶ್ವಾಸಿಯೂ ಇರಬಹುದು, ದೇವರೇ ಇಲ್ಲ ಎನ್ನುವವನೂ ಇರಬಹುದು. ಇಲ್ಲಿ ‘ಸೆಕ್ಯುಲರ್ ಪ್ರಜೆ’ ಎಂದಾಗ ಬದುಕಿನ ದೊಡ್ಡ ಪ್ರಶ್ನೆಗಳಿಗೆ ಧರ್ಮದಲ್ಲಿ ಉತ್ತರ ಹುಡುಕದವನು ಎಂದಷ್ಟೇ ತಿಳಿಯಿರಿ. ಧರ್ಮವನ್ನು ಕಂಡರಾಗದವನು ಎಂದಲ್ಲ.

‘ಸಹಿಷ್ಣುತೆ’ಯ ಬದಲು ನಾನು ‘ಸೈರಣೆ’ ಎನ್ನುತ್ತೇನೆ. ಆ ಪದದೊಳಗೆ ಒಂದು ನೋವಿದೆ. ಇಷ್ಟವಾದದ್ದನ್ನು ಯಾರೂ ಸೈರಿಸಿಕೊಳ್ಳಬೇಕಾಗಿಲ್ಲ. ಎದುರಿನವನದು ತಪ್ಪು ಎಂದು ನನಗೆ ಅನಿಸಬೇಕು, ಅವನನ್ನು ತಡೆಯುವ ಶಕ್ತಿಯೂ ನನಗಿರಬೇಕು, ಆದರೂ ತಡೆಯದೆ ಇರಬೇಕು. ಆಗ ಮಾತ್ರ ಅದು ಸೈರಣೆ. ತಪ್ಪು ಅನಿಸದಿದ್ದರೆ ಅದು ಉದಾಸೀನ, ಶಕ್ತಿಯೇ ಇಲ್ಲದಿದ್ದರೆ ಅದು ಬರೀ ಅಸಹಾಯಕತೆ.

ನ್ಯಾಯದ ವಿಷಯಕ್ಕೆ ಸಿದ್ಧಾಂತ ಬೇಕಿಲ್ಲ, ಗಾದೆಯೇ ಸಾಕು: ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ತೊಡಕೇನೆಂದರೆ, ಎಲ್ಲರಿಗೂ ಒಂದೇ ಎಂದು ಬರೆದಿಟ್ಟ ನಿಯಮವೂ ಒಬ್ಬನ ಕಣ್ಣಿಗೆ ಬೆಣ್ಣೆಯಾಗಿ, ಇನ್ನೊಬ್ಬನ ಕಣ್ಣಿಗೆ ಸುಣ್ಣವಾಗಿ ಬೀಳಬಹುದು. ಆದ್ದರಿಂದ ಯಾವ ನಿಯಮ ಎದುರಾದರೂ ನಾನು ಕೇಳಿಕೊಳ್ಳುವುದು ಒಂದೇ: ಇದರ ಹೊರೆ ಯಾರ ಹೆಗಲ ಮೇಲಿದೆ?

ಒಂದೇ ಗ್ರಂಥ, ಎರಡು ದಾರಿ

ಕ್ರೈಸ್ತ ಧರ್ಮ ಸೈರಣೆಯನ್ನು ಕಲಿಸಿತೋ, ಹಿಂಸೆಯನ್ನೋ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಎರಡನ್ನೂ ಎಂದು ಬರೆಯಬೇಕು. ಎರಡಕ್ಕೂ ಸುವಾರ್ತೆಯ (ಬೈಬಲಿನಲ್ಲಿ ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಭಾಗ) ಒಂದೊಂದು ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕತೆ, ಆಧಾರವಾಯಿತು.

ಮೊದಲನೆಯದು ಲೂಕ 14ರ ಔತಣದ ಸಾಮ್ಯ. ಕರೆದವರು ಬಾರದೆ ಹೋದಾಗ ಯಜಮಾನ ಆಳಿಗೆ ಹೇಳುತ್ತಾನೆ, ದಾರಿಗಳಿಗೂ ಬೇಲಿಗಳ ಬಳಿಗೂ ಹೋಗಿ ಸಿಕ್ಕವರನ್ನು ಒಳಗೆ ಬರುವಂತೆ ಬಲವಂತಮಾಡು ಎಂದು. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಮೊದಮೊದಲು ವಿಶ್ವಾಸದ ವಿಷಯದಲ್ಲಿ ಬಲವಂತವೇ ಕೂಡದು ಎನ್ನುತ್ತಿದ್ದವರು. ಸಭೆಯಿಂದ (ಚರ್ಚಿನಿಂದ) ಸಿಡಿದು ಹೋಗಿದ್ದ ಡೊನಾಟಿಸ್ಟ್ ಎಂಬ ಪಂಗಡದವರೊಂದಿಗೆ ವರ್ಷಗಟ್ಟಲೆ ವಾದಿಸಿದ ಮೇಲೆ ಮನಸ್ಸು ಬದಲಾಯಿತು. ಸುಮಾರು 408ರಲ್ಲಿ ಬರೆದ ಪತ್ರವೊಂದರಲ್ಲಿ ಕಾರಣವನ್ನೂ ಕೊಡುತ್ತಾರೆ: ತಮ್ಮದೇ ಊರು ಚಕ್ರವರ್ತಿಯ ಶಾಸನಗಳ ಭಯದಿಂದ ಮರಳಿ ಸಭೆಯೊಳಗೆ ಬಂದಿತಲ್ಲ! ಭಯ ಫಲ ಕೊಟ್ಟಿತು, ಆದ್ದರಿಂದ ಭಯ ಒಳ್ಳೆಯದು ಎಂಬ ಈ ವಾದವನ್ನು ಮುಂದಿನ ಹಲವು ಶತಮಾನಗಳು ಆಧಾರವಾಗಿ ಎತ್ತಿ ಹಿಡಿದವು. ಅಗಸ್ಟೀನ್ ಪತ್ರಕ್ಕೂ ಸುಮಾರು 200 ವರ್ಷ ಮೊದಲು, ಕ್ರೈಸ್ತರು ರೋಮಿನ ಕೈಯಲ್ಲಿ ನರಳುತ್ತಿದ್ದ ಕಾಲದಲ್ಲಿ, ಅದೇ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮವೇ ಅಲ್ಲ ಎಂದು ರೋಮನ್ ಅಧಿಕಾರಿಗೆ ಬರೆದಿದ್ದರು. ನೆಲ ಒಂದೇ, ಧರ್ಮ ಒಂದೇ. ನಡುವೆ ಬದಲಾದದ್ದು ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು.

ಎರಡನೆಯದು ಮತ್ತಾಯ 13ರ ಹಣಜಿಯ ಸಾಮ್ಯ. ಗೋಧಿಯ ಹೊಲದಲ್ಲಿ ವೈರಿಯೊಬ್ಬ ರಾತ್ರಿ ಹಣಜಿ ಎಂಬ ಕಳೆಯನ್ನು ಬಿತ್ತಿ ಹೋಗುತ್ತಾನೆ. ಕಿತ್ತು ಹಾಕೋಣವೇ ಎಂದು ಆಳುಗಳು ಕೇಳಿದರೆ ಯಜಮಾನ ಬೇಡ ಎನ್ನುತ್ತಾನೆ: ಹಣಜಿ ಕೀಳಹೋಗಿ ಗೋಧಿಯನ್ನೂ ಕಿತ್ತೀರಿ, ಸುಗ್ಗಿಯ ತನಕ ಎರಡೂ ಬೆಳೆಯಲಿ. ಇಲ್ಲಿ ಸ್ವಲ್ಪ ನಿಲ್ಲಿ. ಯಜಮಾನ ಹಣಜಿಯನ್ನು ಗೋಧಿ ಎನ್ನಲಿಲ್ಲ. ಎಲ್ಲ ಪೈರೂ ಒಂದೇ ಎಂದೂ ಹೇಳಲಿಲ್ಲ. ಅವನು ತಡೆದದ್ದು ಆಳುಗಳ ಕೈಯನ್ನು ಮಾತ್ರ. ಸೈರಣೆ ಎಂದರೆ ಸತ್ಯದ ವಿಷಯದಲ್ಲಿ ರಾಜಿ ಎಂದು ಹೆದರುವ ವಿಶ್ವಾಸಿಗೆ ಇದಕ್ಕಿಂತ ನೇರವಾದ ಉತ್ತರ ನಾನು ಕಂಡಿಲ್ಲ.

ಈ ಸಾಮ್ಯವನ್ನು ರಾಜಕೀಯ ವಾದವಾಗಿ ಬೆಳೆಸಿದವರಲ್ಲಿ ರೋಜರ್ ವಿಲಿಯಮ್ಸ್ ಮುಖ್ಯರು. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಪಂಗಡ) ಆಡಳಿತ 1635ರಲ್ಲಿ ಅವರಿಗೆ ಗಡೀಪಾರು ಶಿಕ್ಷೆ ಕೊಟ್ಟಿತು. ಮರುವರ್ಷ ಅವರು ಪ್ರಾವಿಡೆನ್ಸ್ ಊರನ್ನು ಕಟ್ಟಿದರು. ಹೊಲ ಎಂದರೆ ಸಭೆ ಎಂದು ಎದುರಾಳಿಗಳು ಅರ್ಥ ಮಾಡುತ್ತಿದ್ದರು. ‘ಹೊಲ ಅಂದರೆ ಈ ಲೋಕ’ ಎಂದು ಯೇಸುವೇ ಬಿಡಿಸಿ ಹೇಳಿರುವುದನ್ನು ವಿಲಿಯಮ್ಸ್ 1644ರಲ್ಲಿ ಎತ್ತಿ ತೋರಿಸಿದರು. ಸಭೆ ತನ್ನ ಸದಸ್ಯನನ್ನು ಹೊರಗಿಡಲಿ, ಅದು ಅದರ ಶಿಸ್ತು. ಲೋಕವೆಂಬ ಹೊಲದಲ್ಲಿ ಕಳೆ ಕೀಳಲು ರಾಜನ ಕತ್ತಿಗೆ ಅಧಿಕಾರವಿಲ್ಲ. ಗಮನಿಸಿ, ಇದು ವಿಶ್ವಾಸ ಕಡಿಮೆಯಾದವನ ಮಾತಲ್ಲ. ತನ್ನ ಕಾಲದ ಸಭೆಗಳು ಸಾಕಷ್ಟು ಶುದ್ಧವಾಗಿಲ್ಲ ಎಂದು ಜಗಳವಾಡಿದ ಕಠಿಣ ಕ್ರೈಸ್ತನ ಮಾತು.

ಫ್ರೆಂಚ್ ಪ್ರೊಟೆಸ್ಟೆಂಟ್ ಚಿಂತಕ ಪಿಯೆರ್ ಬೇಯ್ಲ್ ಇದೇ ನಿಲುವಿಗೆ ಬೇರೆ ದಾರಿಯಲ್ಲಿ ಬಂದರು. ಫ್ರಾನ್ಸಿನ ಪ್ರೊಟೆಸ್ಟೆಂಟರಿಗೆ 1598ರಲ್ಲಿ ರಕ್ಷಣೆ ಕೊಟ್ಟಿದ್ದ ನ್ಯಾಂಟ್ ಶಾಸನವನ್ನು 14ನೇ ಲೂಯಿ 1685ರಲ್ಲಿ ರದ್ದುಮಾಡಿದ. ಅದೇ ವರ್ಷ ಬೇಯ್ಲ್ ಅವರ ಅಣ್ಣ ಸೆರೆಯಲ್ಲಿ ತೀರಿಕೊಂಡರು. ಮರುವರ್ಷ ಬೇಯ್ಲ್ ಲೂಕನ ಆ ‘ಬಲವಂತಮಾಡು’ ಎಂಬ ಮಾತಿನ ಮೇಲೆಯೇ ಗ್ರಂಥ ಬರೆದರು. ವಾದದ ತಿರುಳು ಹೀಗೆ: ಸತ್ಯ ನನ್ನ ಬಳಿ ಇದೆ, ಆದ್ದರಿಂದ ಒತ್ತಾಯಿಸುತ್ತೇನೆ ಎಂದು ನೀನು ಹೇಳಬಹುದಾದರೆ, ತನ್ನ ಬಳಿ ಸತ್ಯವಿದೆ ಎಂದು ನಂಬಿದ ಪ್ರತಿಯೊಬ್ಬನೂ ಅದನ್ನೇ ಹೇಳಬಹುದು. ‘ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ’ ಎಂಬ ಮತ್ತಾಯ 7:12ರ ಮಾತು ಇಲ್ಲಿ ತರ್ಕದ ರೂಪದಲ್ಲಿ ಬಂದಿದೆ. ವಿಶ್ವಾಸಿ ಇದನ್ನು ಆಜ್ಞೆಯೆಂದು ಒಪ್ಪುತ್ತಾನೆ, ಸೆಕ್ಯುಲರ್ ಪ್ರಜೆ ಬುದ್ಧಿಗೆ ಒಪ್ಪುವುದರಿಂದ ಒಪ್ಪುತ್ತಾನೆ. ಇಬ್ಬರೂ ಒಂದೇ ಜಗಲಿಯಲ್ಲಿ ಕೂರಬಹುದಾದ ಜಾಗ ಇದು.

(ಕ್ಯಾಥೊಲಿಕ್ ಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಮನುಷ್ಯನ ಘನತೆಯಿಂದ ಬರುವ ಹಕ್ಕೆಂದು ಸಾರಿದ್ದು 1965ರ ಡಿಸೆಂಬರ್ 7ರಂದು, ಎರಡನೇ ವ್ಯಾಟಿಕನ್ ಸಮ್ಮೇಳನದಲ್ಲಿ. ಪರವಾಗಿ 2,308 ಮತ, ವಿರುದ್ಧ 70. ಇಸವಿಯನ್ನು ನೆನಪಿಡಿ, ಚಿಕ್ಕ ಪ್ರಶ್ನೆಯಾಗಿ ಬರುವಂಥದ್ದು.)

ಲಾಕ್ ಬಿಟ್ಟುಹೋದ ಕಂಡಿ

ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಸೈರಣೆಯ ಕುರಿತು ಬರೆದ ಪತ್ರ 1689ರಲ್ಲಿ ಅಚ್ಚಾಯಿತು. ಕಾಯಿದೆಯ ಬಲದಿಂದ ಹೊರಗಿನ ನಡತೆಯನ್ನು ಬದಲಿಸಬಹುದು, ಒಳಗಿನ ನಂಬಿಕೆಯನ್ನಲ್ಲ ಎಂಬ ವಾದ ಎಲ್ಲರಿಗೂ ಗೊತ್ತು. ಅದೇ ಪತ್ರದಲ್ಲಿ ದೇವರನ್ನು ನಂಬದವರನ್ನು ಸೈರಿಸಬೇಕಾಗಿಲ್ಲ ಎಂಬ ಮಾತೂ ಇದೆ. ಮಾತು, ಒಪ್ಪಂದ, ಆಣೆ ಇವು ಸಮಾಜವನ್ನು ಕಟ್ಟುವ ಹಗ್ಗಗಳು, ದೇವರಿಗೆ ಹೆದರದವನನ್ನು ಅವು ಹಿಡಿದಿಡಲಾರವು ಎಂಬುದು ಅವರು ಕೊಟ್ಟ ಕಾರಣ.

ಈ ಕಂಡಿ ಎಷ್ಟು ದುಬಾರಿಯಾಯಿತು ಎಂಬುದಕ್ಕೆ ಬ್ರಿಟನ್ನಿನ ಚಾರ್ಲ್ಸ್ ಬ್ರಾಡ್ಲಾ ಸಾಕ್ಷಿ. ನಾಸ್ತಿಕನೆಂದು ಬಹಿರಂಗವಾಗಿ ಹೇಳಿಕೊಂಡಿದ್ದ ಅವರು 1880ರಲ್ಲಿ ನಾರ್ತಾಂಪ್ಟನ್‌ನಿಂದ ಸಂಸತ್ತಿಗೆ ಗೆದ್ದರು. ದೇವರ ಹೆಸರಿನ ಪ್ರಮಾಣದ ಬದಲು ಸತ್ಯನಿಷ್ಠೆಯ ದೃಢೀಕರಣ ಕೊಡುತ್ತೇನೆ ಎಂದರೆ ಬಿಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ನಂಬದವನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದರು. ಮತ್ತೆ ಮತ್ತೆ ಗೆದ್ದು ಬಂದರೂ ಪೀಠ ಕಾಯಂ ಆಗಿ ಸಿಕ್ಕಿದ್ದು 1886ರಲ್ಲಿ. ಯಾರು ಬೇಕಾದರೂ ದೃಢೀಕರಣ ಕೊಡಬಹುದೆಂಬ ಕಾಯಿದೆ 1888ರಲ್ಲಿ ಬಂತು.

ಕತೆಯ ಸ್ವಾರಸ್ಯ ಬೇರೆಡೆ ಇದೆ. ದೃಢೀಕರಣವೆಂಬ ಏರ್ಪಾಡು ನಾಸ್ತಿಕರಿಗಾಗಿ ಹುಟ್ಟಿದ್ದೇ ಅಲ್ಲ. ಆಣೆಯನ್ನೇ ಇಡಬೇಡಿರಿ ಎಂಬ ಮತ್ತಾಯ 5ರ ಮಾತನ್ನು ಅಕ್ಷರಶಃ ಪಾಲಿಸಿ, ಅದಕ್ಕಾಗಿ ಜೈಲು ಕಂಡ ಕ್ವೇಕರ್ ಕ್ರೈಸ್ತರಿಗೆ 17ನೇ ಶತಮಾನದ ಕೊನೆಯಲ್ಲಿ ಸಿಕ್ಕ ವಿನಾಯಿತಿ ಅದು. ಅತಿ ನಿಷ್ಠ ಭಕ್ತರು ಸವೆಸಿದ ಕಾಲುದಾರಿಯಲ್ಲೇ ಸುಮಾರು 200 ವರ್ಷದ ನಂತರ ನಾಸ್ತಿಕನೂ ನಡೆದು ಬಂದ.

ಸಾರ್ವಜನಿಕ ಮಾತಿನ ಭಾಷೆ ಯಾವುದು?

ಪರೀಕ್ಷೆಯಲ್ಲಿ ಹೆಚ್ಚು ಅಂಕ ಇರುವುದು ಇಲ್ಲಿ. ಎಲ್ಲರನ್ನೂ ಕಟ್ಟಿಹಾಕುವ ಕಾಯಿದೆಗೆ ಬೈಬಲ್ ವಚನವನ್ನು ಕಾರಣವಾಗಿ ಕೊಡಬಹುದೇ?

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಕೊಡುವ ಉತ್ತರ ‘ಸಾರ್ವಜನಿಕ ವಿವೇಕ’. ಬೇರೆ ನಂಬಿಕೆಯ ಪ್ರಜೆಯೂ ಒಪ್ಪಬಹುದಾದ ಕಾರಣಗಳನ್ನು ಕೊಡದೆ ಅವನ ಮೇಲೆ ರಾಜ್ಯದ ಬಲವನ್ನು ಬಳಸುವುದು ನ್ಯಾಯವಲ್ಲ. ರಾಲ್ಸ್ ಧರ್ಮದ ಗಂಧವಿಲ್ಲದವರು ಎಂದುಕೊಳ್ಳಬೇಡಿ. ಪ್ರಿನ್ಸ್‌ಟನ್‌ನಲ್ಲಿ 1942ರಲ್ಲಿ ಅವರು ಬರೆದ ಪದವಿ ಪ್ರಬಂಧ ಪಾಪ ಮತ್ತು ವಿಶ್ವಾಸದ ಅರ್ಥದ ಬಗ್ಗೆ. ಪಾದ್ರಿಯಾಗುವ ಯೋಚನೆಯೂ ಇತ್ತು, ಯುದ್ಧದಲ್ಲಿ ಆ ವಿಶ್ವಾಸ ಕಳಚಿತು. 1997ರ ಲೇಖನದಲ್ಲಿ ಅವರು ತಮ್ಮ ನಿಲುವನ್ನು ಸಡಿಲಿಸಿದರು: ಧಾರ್ಮಿಕ ಕಾರಣವನ್ನು ಯಾವಾಗ ಬೇಕಾದರೂ ಮುಂದಿಡಿ, ಆದರೆ ಸಕಾಲದಲ್ಲಿ ಎಲ್ಲರಿಗೂ ಸಲ್ಲುವ ಕಾರಣವನ್ನೂ ಜೊತೆಗೂಡಿಸಿ.

ಕ್ರೈಸ್ತ ತತ್ವಜ್ಞಾನಿ ನಿಕೊಲಸ್ ವೊಲ್ಟರ್‌ಸ್ಟಾರ್ಫ್ ಇದಕ್ಕೂ ಒಪ್ಪುವುದಿಲ್ಲ. ನ್ಯಾಯದ ಮೂಲ ಪ್ರಶ್ನೆಗಳನ್ನು ವಿಶ್ವಾಸದ ಬೆಳಕಿನಲ್ಲೇ ತೀರ್ಮಾನಿಸಬೇಕು ಎಂಬುದೇ ಅನೇಕರ ವಿಶ್ವಾಸದ ಭಾಗ. ಅದನ್ನು ಬಾಗಿಲಲ್ಲಿ ಕಳಚಿಟ್ಟು ಬಾ ಎಂದರೆ ಆ ನಿಯಮ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸೆಕ್ಯುಲರ್ ಪ್ರಜೆ ತನ್ನ ಮನೆಮಾತಿನಲ್ಲೇ ವಾದಿಸುತ್ತಾನೆ, ವಿಶ್ವಾಸಿ ಅನುವಾದ ಮಾಡಿಕೊಂಡು ಬರಬೇಕು. ಹೊರೆಯ ಪ್ರಶ್ನೆ ಮತ್ತೆ ಬಂತು ನೋಡಿ.

ಜರ್ಮನ್ ತತ್ವಜ್ಞಾನಿ ಯೂರ್ಗನ್ ಹಾಬರ್‌ಮಾಸ್ ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಂಡರು. ಅವರ ಪ್ರಕಾರ ಅನುವಾದದ ನಿಯಮ ಸಂಸತ್ತು, ನ್ಯಾಯಾಲಯ, ಆಡಳಿತದ ಹೊಸ್ತಿಲಲ್ಲಿ ಇರಲಿ, ಅದರಾಚೆಯ ಚರ್ಚೆಯಲ್ಲಿ ಯಾವ ಭಾಷೆಯಾದರೂ ಸರಿ. ಆ ಅನುವಾದ ಕೂಡು ದುಡಿಮೆಯಾಗಬೇಕು, ಧರ್ಮದ ಮಾತಿನಲ್ಲಿ ತನಗೂ ಸಲ್ಲುವ ಸತ್ಯ ಇರಬಹುದೆಂದು ಸೆಕ್ಯುಲರ್ ಪ್ರಜೆಯೂ ಕಿವಿಗೊಡಬೇಕು. ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು ಎಂಬ ಮಾತು ಎಲ್ಲ ಮನುಷ್ಯರಿಗೂ ಸಮಾನ ಘನತೆಯಿದೆ ಎಂದಾದದ್ದು ಅಂಥ ಅನುವಾದಕ್ಕೆ ಅವರೇ ಕೊಡುವ ಉದಾಹರಣೆ.

ನನಗೆ ಹಾಬರ್‌ಮಾಸ್ ದಾರಿ ರಾಲ್ಸ್ ದಾರಿಗಿಂತ ನ್ಯಾಯವಾಗಿ ಕಾಣುತ್ತದೆ. ಆದರೆ ಸಂಸತ್ತಿನ ಕಡತದಿಂದ ಧಾರ್ಮಿಕ ಮಾತನ್ನು ತೆಗೆಸುವ ಅಧಿಕಾರ ಸಭಾಧ್ಯಕ್ಷರಿಗೆ ಇರಬೇಕು ಎಂಬಷ್ಟು ದೂರ ಅವರು ಹೋದದ್ದು ಅತಿಯಾಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ ನೋಡಿ. ಅನ್ಯಾಯದ ಕಾಯಿದೆ ಯಾವುದು ಎನ್ನಲು ಒಂದು ಕಡೆ ಅಗಸ್ಟೀನ್, ಮಧ್ಯಯುಗದ ಕ್ರೈಸ್ತ ಚಿಂತಕ ಅಕ್ವಿನಾಸ್ ಬರುತ್ತಾರೆ. ಅದೇ ಉಸಿರಿನಲ್ಲಿ, ಬಹುಸಂಖ್ಯಾತರು ತಾವು ಪಾಲಿಸದೆ ಅಲ್ಪಸಂಖ್ಯಾತರ ಮೇಲೆ ಹೇರುವ ಕಾಯಿದೆ ಅನ್ಯಾಯದ್ದು ಎಂಬ, ಯಾವ ನಾಸ್ತಿಕನೂ ತಲೆದೂಗುವ ಮಾತು ಬರುತ್ತದೆ. ಇದರಲ್ಲಿ ಯಾವ ಸಾಲನ್ನು ಕಡತದಿಂದ ತೆಗೆಯುತ್ತೀರಿ?

ನ್ಯಾಯಾಲಯದಲ್ಲಿ

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ಜನವರಿಯಲ್ಲಿ ನಾಲ್ವರು ಬ್ರಿಟಿಷ್ ಕ್ರೈಸ್ತರ ದೂರುಗಳಿಗೆ ಒಂದೇ ತೀರ್ಪಿನಲ್ಲಿ ಉತ್ತರಿಸಿತು. ಸಮವಸ್ತ್ರದ ಮೇಲೆ ಕಾಣುವಂತೆ ಶಿಲುಬೆ ಧರಿಸಿದ ವಿಮಾನ ಸಂಸ್ಥೆಯ ಉದ್ಯೋಗಿ ಗೆದ್ದರು. ಅಂಥದೇ ಶಿಲುಬೆ ಧರಿಸಿದ ನರ್ಸ್ ಸೋತರು, ಅಲ್ಲಿ ವಾರ್ಡಿನ ಸುರಕ್ಷತೆಯ ಪ್ರಶ್ನೆ ಇತ್ತು. ಸಲಿಂಗ ಜೋಡಿಗಳ ಸಂಬಂಧವನ್ನು ನೋಂದಾಯಿಸಲಾರೆ ಎಂದ ನೋಂದಣಿ ಅಧಿಕಾರಿಯೂ, ಅಂಥ ಜೋಡಿಗಳಿಗೆ ಸಲಹೆ ನೀಡಲು ಹಿಂಜರಿದ ಆಪ್ತಸಲಹೆಗಾರರೂ ಸೋತರು. ಮೊದಲನೆಯವರ ವಿಶ್ವಾಸದಿಂದ ಸಂಸ್ಥೆಯ ಅಂದಕ್ಕೆ ಮಾತ್ರ ಅಡ್ಡಿ. ಉಳಿದವರ ವಿಷಯದಲ್ಲಿ ಹೊರೆ ಮೂರನೆಯವರ ಮೇಲೆ ಬೀಳುತ್ತಿತ್ತು. ತೀರ್ಪನ್ನು ನಾನು ಓದಿಕೊಳ್ಳುವುದು ಹೀಗೆ. ನೋಂದಣಿ ಅಧಿಕಾರಿಯ ವಿಷಯದಲ್ಲಿ ಪೂರ್ತಿ ಸಮಾಧಾನವಾಗಿದೆ ಎಂದು ಹೇಳಲಾರೆ. ಆಕೆ ಕೆಲಸಕ್ಕೆ ಸೇರಿದಾಗ ಆ ಕರ್ತವ್ಯವೇ ಇರಲಿಲ್ಲ.

ಹಡಗು, ಮತ್ತು ಒಂದು ಅರ್ಜಿ

ರೋಜರ್ ವಿಲಿಯಮ್ಸ್ 1655ರಲ್ಲಿ ತಮ್ಮ ಊರಿಗೆ ಬರೆದ ಪತ್ರದಲ್ಲಿ ಒಂದು ಹಡಗನ್ನು ಚಿತ್ರಿಸುತ್ತಾರೆ. ಅದರಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಯಹೂದಿಗಳು, ತುರ್ಕರು (ಅಂದರೆ ಮುಸ್ಲಿಮರು) ಎಲ್ಲರೂ ಇದ್ದಾರೆ. ಹಡಗಿನ ಪ್ರಾರ್ಥನೆಗೆ ಯಾರನ್ನೂ ಎಳೆಯಬಾರದು, ಅವರವರ ಪ್ರಾರ್ಥನೆಯಿಂದ ಯಾರನ್ನೂ ತಡೆಯಬಾರದು. ಆದರೂ ಹಡಗು ಸಾಗುವ ದಿಕ್ಕನ್ನು ನಾಯಕ ಹೇಳುತ್ತಾನೆ. ಹಡಗಿನ ರಕ್ಷಣೆಗೆ ಕೈ ಜೋಡಿಸದವನನ್ನು ಅವನು ಶಿಕ್ಷಿಸಬಹುದು. ಕತ್ತಿ ಹಿಡಿಯುವುದು ಆತ್ಮಸಾಕ್ಷಿಗೆ ಒಗ್ಗದು ಎನ್ನುವವರಿಗೆ ಈ ಕೊನೆಯ ಮಾತು ಬಿಗಿಯಾಯಿತು.

ಮುಂದಿನ ಕಾಲ ಆ ಗಂಟನ್ನು ಸಡಿಲಿಸಿತು. ಅಮೆರಿಕದ ಕಡ್ಡಾಯ ಸೈನಿಕ ಸೇವೆಯ ಕಾಯಿದೆ, ಧಾರ್ಮಿಕ ಕಾರಣದಿಂದ ಯುದ್ಧವನ್ನೇ ಒಪ್ಪದವರಿಗೆ ವಿನಾಯಿತಿ ಕೊಟ್ಟಿತು. ಹಾಗಾದರೆ ದೇವರನ್ನು ನಂಬದೆ, ಕೊಲ್ಲುವುದು ತಪ್ಪೆಂದು ಅಷ್ಟೇ ಗಾಢವಾಗಿ ನಂಬಿದವನ ಗತಿ? ಅರ್ಜಿಯ ನಮೂನೆಯಲ್ಲಿ ‘ನನ್ನ ಧಾರ್ಮಿಕ ಶಿಕ್ಷಣ ಮತ್ತು ನಂಬಿಕೆಯ ಕಾರಣದಿಂದ’ ಎಂದು ಅಚ್ಚಾಗಿತ್ತು. ಸೀಗರ್ ಎಂಬ ಯುವಕ ‘ಶಿಕ್ಷಣ ಮತ್ತು’ ಎಂಬುದನ್ನು ಹೊಡೆದುಹಾಕಿ, ‘ಧಾರ್ಮಿಕ’ ಪದಕ್ಕೆ ಉದ್ಧರಣ ಚಿಹ್ನೆ ಹಾಕಿ ಸಹಿ ಮಾಡಿದ. ಸುಪ್ರೀಂ ಕೋರ್ಟ್ 1965ರಲ್ಲಿ ಅವನ ಪರ ನಿಂತಿತು. ಆಮೇಲೆ ವೆಲ್ಶ್ ಎಂಬಾತ ‘ನನ್ನ ಧಾರ್ಮಿಕ ಶಿಕ್ಷಣ ಮತ್ತು’ ಎಂಬಷ್ಟನ್ನೂ ಹೊಡೆದುಹಾಕಿದ. ನಮೂನೆಯಲ್ಲಿ ಉಳಿದದ್ದು ‘ನಂಬಿಕೆಯ ಕಾರಣದಿಂದ’ ಎಂಬುದು ಮಾತ್ರ. 1970ರಲ್ಲಿ ಅದನ್ನೂ ಒಪ್ಪಿದರು.