ಕೈ ಎತ್ತದ ಹುಡುಗ

ಹದಿನೆಂಟು ವರ್ಷಗಳಿಂದ ಕೋಲಾರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದೇನೆ. ಈಗ ಮುಖ್ಯ ಶಿಕ್ಷಕಿ. ಬೆಳಗಿನ ಹಾಜರಿ ಮುಗಿಯುತ್ತಿದ್ದಂತೆ ಬಿಸಿಯೂಟದ ಲೆಕ್ಕ ಅಡುಗೆಮನೆಗೆ ಹೋಗಬೇಕು. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರೆಗೆ 150, 30, 75. ತಲೆ ಎಣಿಸದೆ ಅಕ್ಕಿ ಅಳೆಯುವಂತಿಲ್ಲ. ಅದಕ್ಕಾಗಿ ನಾನೂ ಬಹಳ ಕಾಲ ‘ಇವತ್ತು ಊಟ ಮಾಡುವವರು ಕೈ ಎತ್ತಿ’ ಎಂದು ಕೇಳುತ್ತಿದ್ದೆ.

ಏಳನೇ ತರಗತಿಯ ಒಬ್ಬ ಹುಡುಗ ನಾಲ್ಕು ದಿನ ಕೈ ಎತ್ತಲಿಲ್ಲ. ಕೇಳಿದರೆ ‘ಹಸಿವಿಲ್ಲ ಮೇಡಂ’ ಎಂದ. ಅವನ ತಾಯಿ ನಸುಕಿನಲ್ಲೇ ಟೆಂಪೊ ಹತ್ತಿ ಟೊಮೆಟೊ ಬಿಡಿಸಲು ಹೋಗುವವಳು. ಆ ಹುಡುಗ ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿದು ಬರುತ್ತಿದ್ದ, ಅದೂ ಉಳಿದಿದ್ದರೆ. ಪಕ್ಕದಲ್ಲಿ ಕೂರುವ ಗೆಳೆಯ ‘ನಿಮ್ಮ ಮನೆಯಲ್ಲಿ ಅಡುಗೆ ಮಾಡುವುದಿಲ್ಲವಾ?’ ಎಂದು ಕೇಳಿದ್ದನಂತೆ. ಹನ್ನೆರಡು ವರ್ಷದ ಮಗುವಿಗೆ ಆ ಮಾತು ತಾನಾಗಿ ಹೊಳೆಯುವುದಿಲ್ಲ. ಮನೆಯ ಜಗಲಿಯಲ್ಲಿ ದೊಡ್ಡವರು ಆಡಿದ್ದನ್ನು ಕೇಳಿಸಿಕೊಂಡೇ ಬಂದಿರುತ್ತದೆ.

ದೊಡ್ಡವರ ಮಾತು ನನಗೂ ಚೆನ್ನಾಗಿ ಗೊತ್ತು. ಪೋಷಕರ ಸಭೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿದ್ದೇನೆ: ‘ಪುಕ್ಕಟೆ ಅನ್ನ ಹಾಕಿ ಜನರನ್ನು ಸೋಮಾರಿ ಮಾಡಿಟ್ಟಿದ್ದೀರಿ.’ ಆ ತಾಯಿ ತುಂಬಿ ಹೊರುವ ಒಂದೊಂದು ಬಾಕ್ಸೂ 15 ಕಿಲೊ ತೂಗುತ್ತದೆ. ಶಾಲೆಯಿದ್ದ ದಿನ ಒಂದು ಮಗುವಿಗೆ ಸಿಗುವ ಒಂದು ಹೊತ್ತಿನ ಊಟವನ್ನು ನಂಬಿ ಯಾವ ತಾಯಿಯೂ ಕೂಲಿ ಬಿಟ್ಟು ಮನೆಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ‘ನಮ್ಮ ತೆರಿಗೆ ದುಡ್ಡು’ ಎನ್ನುವವರೂ ಇದ್ದಾರೆ. ಸೋಪು ಕೊಂಡಾಗ, ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಆಕೆಯೂ ತೆರಿಗೆ ಕಟ್ಟುತ್ತಾಳೆ. ಅಪ್ಪ ಕುಡಿಯುತ್ತಾನೆ ಎನ್ನುವುದು ಇನ್ನೊಂದು ದೂರು. ಕುಡಿಯುವವರಿದ್ದಾರೆ, ನಿಜ. ಅದಕ್ಕೆ ಮಗು ಹಸಿದಿರಬೇಕು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಬಿಸಿಯೂಟ ಯಾರೋ ಕರುಣೆಯಿಂದ ಕೊಟ್ಟದ್ದೂ ಅಲ್ಲ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. 2002ರಲ್ಲಿ ಈಶಾನ್ಯ ಕರ್ನಾಟಕದಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿವರೆಗೆ ಇದನ್ನು ಹಕ್ಕಾಗಿಸಿತು. ಅದೇ ವರ್ಷ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಸೇರಿದವು. ಈ ಊಟಕ್ಕೆ ಯಾವ ಮಗುವೂ ರೇಷನ್ ಕಾರ್ಡ್ ತೋರಿಸಬೇಕಾಗಿಲ್ಲ. ಯೋಜನೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಅಂಶ ಇದೇ. ಆದರೆ ಸರ್ಕಾರ ಕೇಳದ ಪ್ರಶ್ನೆಯನ್ನು ನಾನು ‘ಕೈ ಎತ್ತಿ’ ಎಂದು ದಿನವೂ ಕೇಳುತ್ತಿದ್ದೆ.

ಆ ಹುಡುಗನ ವಿಷಯ ತಿಳಿದಂದಿನಿಂದ ಹಾಗೆ ಕೇಳುವುದನ್ನು ನಿಲ್ಲಿಸಿದೆವು. ಹಾಜರಿ ಎಷ್ಟೋ ಊಟವೂ ಅಷ್ಟೇ. ಮನೆಯಿಂದ ಡಬ್ಬಿ ತಂದವರೂ ಅದೇ ಸಾಲಿನಲ್ಲಿ ಕೂರುತ್ತಾರೆ, ತಟ್ಟೆಗೆ ಸಾರು ಹಾಕಿಸಿಕೊಳ್ಳುತ್ತಾರೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡುವ ನಿಯಮ ಮೊದಲಿಂದಲೂ ಇತ್ತು; ಈಗ ರುಚಿ ನೋಡಿ ಎದ್ದುಹೋಗದೆ ಮಕ್ಕಳ ಪಕ್ಕದಲ್ಲೇ ಕೂತು ಉಣ್ಣುತ್ತೇವೆ. ಒಮ್ಮೆ ತಟ್ಟೆ, ಲೋಟ ದಾನ ಕೊಡಲು ಬಂದವರು ‘ತೀರಾ ಬಡವರ ಮಕ್ಕಳನ್ನು ಮುಂದೆ ನಿಲ್ಲಿಸಿ, ಫೋಟೊ ಬೇಕು’ ಎಂದರು. ತಟ್ಟೆ ಇಟ್ಟುಕೊಂಡೆವು, ಫೋಟೊ ಬೇಡ ಎಂದೆವು.

ಸೋಮವಾರ ಮಾತ್ರ ಅಳತೆ ತಪ್ಪುತ್ತದೆ. ಭಾನುವಾರದ ಹಸಿವೂ ಸೇರಿ ಮಕ್ಕಳು ಹೆಚ್ಚು ಉಣ್ಣುತ್ತಾರೆಂದು ನಮ್ಮ ಅಡುಗೆಯ ಅಕ್ಕನಿಗೆ ಗೊತ್ತು. ಅವತ್ತು ಆಕೆ ಸಾರಿಗೆ ಒಂದು ಹಿಡಿ ಬೇಳೆ ಹೆಚ್ಚು ಹಾಕಿರುತ್ತಾಳೆ. ಕೈ ಎತ್ತದಿದ್ದ ಆ ಹುಡುಗ ಮೊದಲ ಬಾರಿ ‘ಇನ್ನೊಂದು ಸೌಟು ಹಾಕಕ್ಕಾ’ ಎಂದದ್ದೂ ಒಂದು ಸೋಮವಾರವೇ.