ಭ್ರೂಣದ ಜೀನ್ ತಿದ್ದುಪಡಿ: ಕಾವಲು ಎಲ್ಲಿ ಇಡಬೇಕು?

ಮೈಸೂರಿನ ಮಾನಸಗಂಗೋತ್ರಿಯ ನಮ್ಮ ಓದುಗುಂಪಿನಲ್ಲಿ ಕಳೆದ ವಾರ ಈ ವಿಷಯ ಬಂದಾಗ ಅರ್ಧ ಗಂಟೆ ಗೊಂದಲದಲ್ಲೇ ಹೋಯಿತು. ಎರಡು ಬೇರೆ ಸಂಗತಿಗಳನ್ನು ಒಂದೇ ಎಂದುಕೊಂಡು ವಾದಿಸುತ್ತಿದ್ದೆವು. ಮೊದಲು ಅದನ್ನು ಬಿಡಿಸಿಕೊಳ್ಳೋಣ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಈ ಕಾಯಿಲೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ರೋಗಿಯದೇ ರಕ್ತದ ಆಕರಕೋಶಗಳನ್ನು ಹೊರತೆಗೆದು, ಜೀನ್ ಕತ್ತರಿಸಿ ತಿದ್ದುವ ಸಾಧನವಾದ ಕ್ರಿಸ್ಪರ್‌ನಿಂದ ತಿದ್ದಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಆ ತಿದ್ದುಪಡಿ ರೋಗಿಯ ಜೊತೆಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ನಮ್ಮ ವಿಷಯ ಇದಲ್ಲ. ಅಂಡಾಣು, ವೀರ್ಯಾಣು ಅಥವಾ ಎಳೆಯ ಭ್ರೂಣದಲ್ಲಿ ತಿದ್ದಿದರೆ ಅದು ಹುಟ್ಟುವ ಮಗುವಿಗೂ, ಆ ಮಗುವಿನ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಬಹುದು. ಒಪ್ಪಿಗೆ ಕೇಳೋಣವೆಂದರೆ ಅವರಿನ್ನೂ ಹುಟ್ಟಿಲ್ಲ.

ಇದನ್ನು ಮಾಡಿಯೂ ಆಗಿದೆ. ಚೀನಾದ ಶೆನ್‌ಜೆನ್‌ನಲ್ಲಿದ್ದ ವಿಜ್ಞಾನಿ ಹೆ ಜಿಯಾನ್‌ಕುಯ್, ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರ್‌ನಲ್ಲಿ ಪ್ರಕಟಿಸಿದ. ತಂದೆಗೆ ಎಚ್‌ಐವಿ ಇತ್ತು. ಮಕ್ಕಳಿಗೆ ಅದು ತಗುಲದಿರಲೆಂದು ಎಚ್‌ಐವಿ ಕೋಶದೊಳಗೆ ನುಗ್ಗಲು ನೆರವಾಗುವ ಸಿಸಿಆರ್5 ಎಂಬ ಜೀನ್ ಕೆಡಿಸಿದೆ ಎಂದ. ಆದರೆ ತಂದೆಯ ವೀರ್ಯವನ್ನು ತೊಳೆದು ಬಳಸಿದರೆ ಸೋಂಕು ದಾಟದಂತೆ ತಡೆಯುವ ದಾರಿ ಮೊದಲೇ ಇತ್ತು. ಅಂದರೆ ಅಪಾಯವೆಲ್ಲ ಮಕ್ಕಳ ಪಾಲಿಗೆ, ತಿದ್ದುವ ಅಗತ್ಯವೇ ಇರಲಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನೂ ನಕಲಿ ಮಾಡಲಾಗಿತ್ತು. 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವನಿಗೆ 3 ವರ್ಷ ಜೈಲು, 30 ಲಕ್ಷ ಯುವಾನ್ ದಂಡ ವಿಧಿಸಿತು.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2019ರ ಜೀನ್ ಚಿಕಿತ್ಸೆ ಮಾರ್ಗಸೂಚಿ ವಂಶಕ್ಕಿಳಿಯುವ ತಿದ್ದುಪಡಿಯನ್ನು ನಿಷೇಧಿಸಿದೆ. ಗುಂಪಿನಲ್ಲಿ ಹಲವರು ‘ಹಾಗಾದರೆ ಮುಗಿಯಿತಲ್ಲ’ ಎಂದರು. ನಾನು ಮಂಡ್ಯ ಜಿಲ್ಲೆಯವಳು, ನನಗೆ ಹಾಗೆ ಅನ್ನಿಸುವುದಿಲ್ಲ.

ಭ್ರೂಣಲಿಂಗ ಪತ್ತೆಗೆ ವಿರುದ್ಧದ ಕಾಯ್ದೆ 1994ರದು. ಸ್ಕ್ಯಾನಿಂಗ್ ಯಂತ್ರ ನೋಂದಣಿಯಾಗಬೇಕು, ನೋಂದಣಿ ಇಲ್ಲದವರಿಗೆ ಯಂತ್ರ ಮಾರಬಾರದು, ಪ್ರತಿ ಗರ್ಭಿಣಿಯ ಸ್ಕ್ಯಾನಿಂಗ್‌ಗೂ ‘ಎಫ್’ ನಮೂನೆ ತುಂಬಬೇಕು, ಗೋಡೆಗೆ ಫಲಕ ಹಾಕಬೇಕು. ಇಷ್ಟೆಲ್ಲ ಇದ್ದೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲದಲ್ಲಿ, ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬುದು ಹೊರಬಂತು. ಬೆಲ್ಲ ಕಾಯಿಸುವ ಜಾಗ! ಆ ಸುದ್ದಿ ಓದಿದ ದಿನ ನಮ್ಮಮ್ಮ ಮಾತಾಡಲಿಲ್ಲ. ಗಂಡುಮಗು ಬೇಕೆಂಬ ಒತ್ತಡ, ದುಡ್ಡು, ಬಾಯಿಬಿಡದ ದಲ್ಲಾಳಿಗಳು, ಈ ಮೂರೂ ಸೇರಿದ ಕಡೆ ಫಲಕ ಏನೂ ಮಾಡಲಾರದು. ನಾಳೆ ‘ಬೆಳ್ಳಗಿರುವ ಮಗು’, ‘ಎತ್ತರದ ಮಗು’ ಎಂದು ಯಾರಾದರೂ ಸುಳ್ಳು ಆಸೆ ತೋರಿಸಿದರೂ ಗಿರಾಕಿಗಳು ಸಿಗುತ್ತಾರೆ. ಬಣ್ಣ, ಎತ್ತರಗಳ ಹಿಂದೆ ಹಲವಾರು ಜೀನ್‌ಗಳಿವೆ, ಒಂದನ್ನು ತಿದ್ದಿದರೆ ಆಗುವ ಕೆಲಸವಲ್ಲ ಎಂದು ಅವರಿಗೆ ಹೇಳುವವರು ಯಾರು?

ಹಾಗಾದರೆ ಕಾವಲು ಎಲ್ಲಿ? ಸ್ಕ್ಯಾನಿಂಗ್ ಯಂತ್ರದಂತೆ ಕ್ರಿಸ್ಪರ್ ಸಾಮಗ್ರಿಗೆ ಲೆಕ್ಕ ಇಡುವುದು ಕಷ್ಟ. ಭತ್ತದ ಮೇಲೆ ಕೆಲಸ ಮಾಡುವವರೂ ಅದನ್ನೇ ಬಳಸುತ್ತಾರೆ. 2025ರ ಮೇನಲ್ಲಿ ಭಾರತ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿದೆ ಕೂಡ. ಆದರೆ ತಿದ್ದಿದ ಭ್ರೂಣ ಮಗುವಾಗಬೇಕಾದರೆ ದೇಹದ ಹೊರಗೆ ಭ್ರೂಣ ಬೆಳೆಸುವ ಐವಿಎಫ್ ಪ್ರಯೋಗಾಲಯವನ್ನು ದಾಟಲೇಬೇಕು: ಸೂಕ್ಷ್ಮ ಸೂಜಿಯ ಉಪಕರಣ, ಭ್ರೂಣತಜ್ಞರು, ಗರ್ಭಕ್ಕೆ ಸೇರಿಸುವ ವೈದ್ಯರು. ಇಕ್ಕಟ್ಟಾದ ಬಾಗಿಲು ಇದೊಂದೇ. ನೆರವಿನ ಗರ್ಭಧಾರಣೆಗೆ ಸಂಬಂಧಿಸಿದ 2021ರ ಎಆರ್‌ಟಿ ಕಾಯ್ದೆಯಂತೆ ಐವಿಎಫ್ ಕೇಂದ್ರಗಳು ಹೇಗೂ ನೋಂದಣಿಯಾಗಬೇಕು. ಒಂದೊಂದು ಭ್ರೂಣದ ಲೆಕ್ಕ, ಹೇಳದೆ ಬರುವ ತಪಾಸಣೆ, ಒಳಗಿನ ಸಿಬ್ಬಂದಿ ದೂರು ಕೊಟ್ಟರೆ ಅವರಿಗೆ ರಕ್ಷಣೆ, ಮುರಿದವರಿಗೆ ಮಾರ್ಗಸೂಚಿಯಲ್ಲ, ಜೈಲಿಗೆ ಕಳಿಸುವ ಕಾನೂನು: ನನ್ನ ಪ್ರಕಾರ ಬೇಕಾದದ್ದು ಇವು.

ಇಂಥ ತಿದ್ದುಪಡಿ ಎಂದೆಂದಿಗೂ ಬೇಡವೇ ಎಂಬ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸಿಕಲ್ ಸೆಲ್‌ನಂಥ ಕಾಯಿಲೆಯ ಜೀನ್ ತಂದೆತಾಯಿ ಇಬ್ಬರಲ್ಲೂ ಒಂದೊಂದಿದ್ದರೆ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಭ್ರೂಣಗಳನ್ನು ಪರೀಕ್ಷಿಸಿ, ಕಾಯಿಲೆ ಇಲ್ಲದ್ದನ್ನು ಆರಿಸಿದರೆ ಸಾಕು, ತಿದ್ದಬೇಕಿಲ್ಲ. ಆದರೆ ಕಿವಿ ಕೇಳಲು ಬೇಕಾದ ಜಿಜೆಬಿ2 ಜೀನ್‌ನ ಎರಡೂ ಪ್ರತಿಗಳು ಕೆಟ್ಟು ಕಿವುಡಾದ ಗಂಡಹೆಂಡಿರಿಗೆ ಆರಿಸಲು, ಕಿವಿ ಕೇಳುವ ಮಗುವಾಗಬಲ್ಲ ಭ್ರೂಣವೇ ಸಿಗದು. ರಷ್ಯಾದ ವಿಜ್ಞಾನಿ ಡೆನಿಸ್ ರೆಬ್ರಿಕೊವ್ 2019ರಲ್ಲಿ ಇಂಥ ದಂಪತಿಗಳನ್ನೇ ಮುಂದಿಟ್ಟುಕೊಂಡು ತಿದ್ದುಪಡಿಯ ಯೋಜನೆ ಹೇಳಿದ್ದ.

ಗುಂಪು ಸೇರುವ ಮೈಸೂರು ವಾಕ್ ಶ್ರವಣ ಸಂಸ್ಥೆ ಇರುವ ಊರು. ಗುಂಪಿನ ಒಬ್ಬ ಗೆಳತಿಯ ಅಪ್ಪ ಅಮ್ಮ ಇಬ್ಬರೂ ಕಿವುಡರು. ಅದುವರೆಗೆ ಸುಮ್ಮನಿದ್ದವಳು, ‘ಕಾನೂನು ಬರೆಯೋರು ನಮ್ಮಪ್ಪನಂಥವರನ್ನ ಒಂದ್ಸಲನಾದ್ರೂ ಕೇಳಿದಾರಾ?’ ಎಂದಳು. ಮುಂದಿನ ಶನಿವಾರ ಅವರನ್ನು ಕರೆತರುತ್ತಾಳೆ. ಅವರ ಮಾತನ್ನು ಅವಳೇ ನಮಗೆ ಹೇಳಬೇಕು. ನಮ್ಮಲ್ಲಿ ಬೇರೆ ಯಾರಿಗೂ ಸಂಜ್ಞಾಭಾಷೆ ಬಾರದು.