ಪ್ರಾದೇಶಿಕ ಅಸಮತೋಲನ ಮತ್ತು ಸಂಸ್ಥೆಗಳ ಮೇಲಿನ ವಿಶ್ವಾಸ: ಕಲ್ಯಾಣ ಕರ್ನಾಟಕದ ನಿದರ್ಶನ

ಬಡ ಪ್ರದೇಶದ ಜನರಿಗೆ ಪ್ರಜಾಪ್ರಭುತ್ವದಲ್ಲಿ ನಂಬಿಕೆ ಕಡಿಮೆ ಎಂದು ಪರೀಕ್ಷೆಯ ಉತ್ತರಗಳಲ್ಲಿ ನಾವು ಸಲೀಸಾಗಿ ಬರೆದುಬಿಡುತ್ತೇವೆ. ಮತದಾನವನ್ನೇ ಅಳತೆಗೋಲಾಗಿ ಹಿಡಿದರೆ ಈ ಮಾತು ನಿಲ್ಲುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಸುಮಾರು ಶೇ 73ರಷ್ಟಿದ್ದರೆ, ತಲಾ ಆದಾಯದಲ್ಲಿ ಮುಂದಿರುವ ಬೆಂಗಳೂರು ನಗರದಲ್ಲಿ ಅದು ಶೇ 55ರ ಆಸುಪಾಸಿನಲ್ಲಿತ್ತು. ಗುಳೆ ಹೋದ ಕುಟುಂಬ ಮತ ಹಾಕಲೆಂದೇ ಯಾದಗಿರಿಯ ಹಳ್ಳಿಗೆ ಮರಳಬಹುದು; ಅದೇ ಕುಟುಂಬಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಸಿಗುವರೆಂಬ ಭರವಸೆ ಇಲ್ಲದಿರಬಹುದು. ಮತ ಹಾಕುವುದು ಬೇರೆ, ಸಂಸ್ಥೆಯನ್ನು ನಂಬುವುದು ಬೇರೆ.

ಯಾದಗಿರಿ, ಕಲಬುರಗಿ, ಬೀದರ್ ಮುಂತಾದ ಜಿಲ್ಲೆಗಳಿರುವ ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಅಂಕಿಗಳಲ್ಲಿ ಹಿಡಿದಿಟ್ಟದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 35 ಸೂಚಕಗಳನ್ನು ಆಧರಿಸಿದ ಅದರ 2002ರ ವರದಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಕಲಬುರಗಿ ವಿಭಾಗದವು. ಅಲ್ಲಿಯವರೆಗೆ ಪ್ರದೇಶದ ಅಳಲಾಗಿದ್ದದ್ದು ವರದಿಯ ನಂತರ ಸರ್ಕಾರವೇ ನೇಮಿಸಿದ ಸಮಿತಿ ಒಪ್ಪಿದ ಸತ್ಯವಾಯಿತು. ಮುಂದೆ ಸಂವಿಧಾನದ 98ನೆಯ ತಿದ್ದುಪಡಿಯಿಂದ ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡುವ 371(ಜೆ) ವಿಧಿ ಬಂದು, ಸ್ಥಳೀಯ ವೃಂದದ (ಇಲ್ಲಿನ ಸರ್ಕಾರಿ ಹುದ್ದೆಗಳ) ನೇಮಕಾತಿಯಲ್ಲಿ ಸ್ಥಳೀಯರಿಗೆ 'ಎ' ಮತ್ತು 'ಬಿ' ಗುಂಪುಗಳಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಮೀಸಲಾತಿ ದೊರೆಯಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇಲ್ಲಿಂದಾಚೆಗಿನ ಕಥೆ. ಈ ಮೀಸಲಾತಿಯಡಿ ಕೆಲಸ ಬಯಸುವ ಅಭ್ಯರ್ಥಿಯು ದಾಖಲೆಗಳನ್ನು ಹೊಂದಿಸಿ, ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದು, ಅಧಿಸೂಚನೆಗಾಗಿ ಕಾಯುತ್ತಾನೆ. ಮಂಜೂರಾದ ಹುದ್ದೆ ಭರ್ತಿಯಾಗದೆ ಉಳಿದರೆ ಅವನಿಗೆ ಎರಡು ನಷ್ಟ: ಕೆಲಸ ಸಿಗಲಿಲ್ಲ, ಆ ಹುದ್ದೆಯಿಂದ ಊರಿಗೆ ಸಿಗಬೇಕಿದ್ದ ಶಿಕ್ಷಕ ಅಥವಾ ಶುಶ್ರೂಷಕಿಯೂ ಸಿಗಲಿಲ್ಲ. ಹಕ್ಕೇ ಇಲ್ಲದವನ ನಿರಾಸೆಗಿಂತ, ಬರೆದುಕೊಟ್ಟ ಹಕ್ಕು ಕೈಗೆ ಬಾರದವನ ಅಪನಂಬಿಕೆ ಹೆಚ್ಚು ಆಳವಾದದ್ದೆಂದು ನನಗನಿಸುತ್ತದೆ. ಹಾಗಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವಾರ್ಷಿಕ ಅನುದಾನ 5,000 ಕೋಟಿ ರೂಪಾಯಿಗೆ ಏರಿದ್ದನ್ನು ಮಾತ್ರ ಬರೆದು ಉತ್ತರ ಮುಗಿಸಬಾರದು. ರಸ್ತೆ, ಕಟ್ಟಡಗಳಿಗೆ ಹಣ ಸುರಿಯುವುದು ಸುಲಭ, ಕಟ್ಟಡದೊಳಗೆ ಸಿಬ್ಬಂದಿಯನ್ನು ಕೂರಿಸುವುದು ಕಷ್ಟ.

ಇದಕ್ಕೆ ಪ್ರತಿಯಾಗಿ ನ್ಯಾಯಾಂಗದ ನಿದರ್ಶನವನ್ನು ಗಮನಿಸಬಹುದು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್‌ನ ಸಂಚಾರಿ ಪೀಠ ಬಂದು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಬೀದರ್‌ನ ಕಕ್ಷಿದಾರ ಬೆಂಗಳೂರಿಗೆ ಹೋಗಬೇಕಿತ್ತು. ರೈಲಿನ ಖರ್ಚು, ವಸತಿ, ಕಳೆದುಕೊಂಡ ಕೂಲಿ ಎಲ್ಲವೂ ಅವನ ಮೇಲೆಯೇ ಬೀಳುತ್ತಿದ್ದವು. ಪೀಠ ಬಂದ ಮೇಲೆ ಆ ವೆಚ್ಚ ಇಳಿದದ್ದು ಯಾವ ಅನುದಾನದ ಲೆಕ್ಕಕ್ಕೂ ಸೇರುವುದಿಲ್ಲ.